ಬೇಟೆಗೂ ಗುರಿಗೂ ಒಂದೇ ಕೋವಿ

ಹಕ್ಕಿಬೇಟೆಯ ಪದ್ಧತಿಯು ಇಂದಿಗೂ ಉಳಿದಿರುವ ದೇಶಗಳಲ್ಲಿ ಕೋವಿಯೊಂದನ್ನು ಕೊಳ್ಳಹೊರಟವನು ಅಂಗಡಿಯ ಮೆಟ್ಟಿಲನ್ನು ಹತ್ತುವುದಕ್ಕೆ ಮುನ್ನವೇ ತನ್ನನ್ನು ತಾನು ಕೇಳಿಕೊಳ್ಳುವ ಪ್ರಶ್ನೆಯೊಂದುಂಟು: ಪೊದೆಯಿಂದ ಸರಕ್ಕನೆ ಮೇಲೇಳುವ ಹಕ್ಕಿಗೂ, ಮೈದಾನದಲ್ಲಿ ಯಂತ್ರವು ಚಿಮ್ಮಿಸುವ ಮಣ್ಣಿನ ಬಿಲ್ಲೆಗೂ ಸಮನಾಗಿ ಒದಗಬಲ್ಲ ಒಂದೇ ಕೋವಿ ದೊರೆಯುವುದೆ, ಇಲ್ಲವೆ ಎರಡು ಕಾರ್ಯಗಳಿಗೆ ಎರಡು ಕೋವಿಗಳನ್ನೇ ಇಟ್ಟುಕೊಳ್ಳಬೇಕೆ? ಅಂಗಡಿಯವನು ಈ ಪ್ರಶ್ನೆಗೆ ನಳಿಗೆಯ ಉದ್ದ, ಕೋವಿಯ ತೂಕ, ಬಾಯಿಯ ಬಿಗಿತ ಮೊದಲಾದ ಅಂಕಿಗಳಿಂದ ಉತ್ತರ ಕೊಡುತ್ತಾನೆ. ಆದರೆ ಆ ಒಂದೊಂದು ಅಂಕಿಯ ಹಿಂದೆಯೂ 200 ವರ್ಷಗಳ ಪ್ರಯೋಗ, ಸ್ಪರ್ಧೆ, ವಾಗ್ವಾದ, ಶಾಸನ ಇವುಗಳ ಚರಿತ್ರೆಯಿದೆಯೆಂಬುದನ್ನೂ, ಆ ಚರಿತ್ರೆಯ ನಡುವೆ ಒಂದು ಪಕ್ಷಿಕುಲದ ಸಮೂಲ ನಾಶವೂ ಸೇರಿದೆಯೆಂಬುದನ್ನೂ ಬಲ್ಲವರು ವಿರಳ. ಬೇಟೆ ಮತ್ತು ಗುರಿ ಎಂಬ ಎರಡು ವಿದ್ಯೆಗಳು ಆದಿಯಲ್ಲಿ ಒಂದೇ ಆಗಿದ್ದು, ಕಾಲಕ್ರಮದಲ್ಲಿ ಅಗಲಿ, ತಮ್ಮ ತಮ್ಮ ಕೋವಿಗಳನ್ನು ಬೇರೆ ಬೇರೆಯಾಗಿ ರೂಪಿಸಿಕೊಂಡು, ತರುವಾಯ ಮತ್ತೆ ಒಂದೇ ಕೋವಿಯಲ್ಲಿ ಸಂಧಿಸಿದ ಈ ವೃತ್ತಾಂತವನ್ನು ಅರಿತವನಿಗೆ ಆಯ್ಕೆಯ ಪ್ರಶ್ನೆಯು ಅರ್ಧದಷ್ಟು ತಾನಾಗಿಯೇ ಬಗೆಹರಿಯುತ್ತದೆ.

ಇಲ್ಲಿ ನಾವು ಹೇಳುತ್ತಿರುವುದು ಚರೆಯ ಕೋವಿಯನ್ನು ಕುರಿತು. ಸುರುಳಿಗೆರೆಗಳನ್ನು ಕೊರೆದ ರೈಫಲಿನ ನಳಿಗೆಯು ಒಂದೇ ಗುಂಡನ್ನು ದೂರದ ಒಂದೇ ಬಿಂದುವಿಗೆ ಕಳುಹಿಸುತ್ತದೆ. ಒಳಮೈ ನುಣುಪಾಗಿರುವ ಚರೆಕೋವಿಯಾದರೋ ನೂರಾರು ಸಣ್ಣ ಸೀಸದ ಕಾಳುಗಳನ್ನು ಒಂದು ಮೋಡದಂತೆ ಹರಡಿ, ಚಲಿಸುತ್ತಿರುವ ಗುರಿಯ ಮಾರ್ಗಕ್ಕೆ ಅಡ್ಡಲಾಗಿ ಒಡ್ಡುತ್ತದೆ. ಅದರ ಅಳತೆಯ ಕ್ರಮವೂ ಪ್ರಾಚೀನವಾದುದೇ. ಒಂದು ಪೌಂಡು ಸೀಸದಿಂದ ಎರಕ ಹೊಯ್ದ 12 ಸಮಾನ ಗುಂಡುಗಳಲ್ಲಿ ಒಂದು ಯಾವ ನಳಿಗೆಯಲ್ಲಿ ಸರಿಯಾಗಿ ಕೂರುವುದೋ ಅದು 12 ಬೋರಿನ ಕೋವಿ. ಅದರ ವ್ಯಾಸ ಸುಮಾರು 18.5 ಮಿಲಿಮೀಟರ್. ಇದೇ ಲೆಕ್ಕದಲ್ಲಿ 20 ಬೋರಿನದು ಅದಕ್ಕಿಂತ ಕಿರಿದು, 10 ಬೋರಿನದು ಹಿರಿದು. ಬೇಟೆಗಾರನೂ ಗುರಿಕಾರನೂ ಇಬ್ಬರೂ ಒಪ್ಪಿಕೊಂಡ ಮಧ್ಯಮಮಾರ್ಗವೆಂದರೆ ಈ 12 ಬೋರು. ಅದು ಹೊರುವ ಚರೆಯು ಹಕ್ಕಿಗೆ ಸಾಲದೆಂಬಂತೆಯೂ ಇಲ್ಲ, ಅದರ ಒದೆತವು ಭುಜಕ್ಕೆ ಸಹಿಸಲಾಗದೆಂಬಂತೆಯೂ ಇಲ್ಲ.

ಹಾರುವ ಹಕ್ಕಿಯನ್ನು ಹೊಡೆಯುವ ಅಭ್ಯಾಸವು ಯೂರೋಪಿನಲ್ಲಿ ಬೇರೂರಿದುದು 17ನೆಯ ಶತಮಾನದಲ್ಲಿ. ಅದಕ್ಕೆ ಮುನ್ನ ಹಕ್ಕಿಯು ಕೊಂಬೆಯ ಮೇಲೋ ನೀರಿನ ಮೇಲೋ ಕುಳಿತಿರುವಾಗ ಹೊಂಚುಹಾಕಿ ಹೊಡೆಯುವುದೇ ರೂಢಿಯಾಗಿತ್ತು. ಚಕಮಕಿ ಕಲ್ಲಿನ ಕೋವಿ ಬಂದ ಮೇಲೆಯೂ ಹಾರುವ ಹಕ್ಕಿಯನ್ನು ಕೆಡಹುವುದು ಸುಲಭವಾಗಿರಲಿಲ್ಲ. ಕಿಡಿಯು ಮೊದಲು ಹೊರಗಿನ ಬಟ್ಟಲಿನಲ್ಲಿರುವ ಮದ್ದನ್ನು ಹೊತ್ತಿಸಿ, ಆ ಜ್ವಾಲೆಯು ಸಣ್ಣ ರಂಧ್ರದ ಮೂಲಕ ಒಳಗಿನ ಮದ್ದನ್ನು ತಲಪುವಷ್ಟರಲ್ಲಿ ಕ್ಷಣವೊಂದು ಕಳೆದುಹೋಗುತ್ತಿತ್ತು. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಗ್ರಾಮದ ಪಾದ್ರಿಯಾಗಿದ್ದ ಅಲೆಗ್ಸಾಂಡರ್ ಫೋರ್ಸಿತ್ ಎಂಬ ಬೇಟೆಪ್ರಿಯನು, ಬಟ್ಟಲಿನ ಮಿಂಚನ್ನು ಕಂಡೊಡನೆ ಹಕ್ಕಿಗಳು ಎಚ್ಚೆತ್ತು ದಿಕ್ಕು ಬದಲಿಸುವುದನ್ನು ಗಮನಿಸಿ ಬೇಸತ್ತು, ಪೆಟ್ಟು ಬಿದ್ದ ಮಾತ್ರಕ್ಕೆ ಸಿಡಿಯುವ ರಾಸಾಯನಿಕವನ್ನು ಬಳಸಿ ಕೋವಿಯನ್ನು ಹೊತ್ತಿಸುವ ವಿಧಾನವನ್ನು ಕಂಡುಹಿಡಿದು 1807ರಲ್ಲಿ ಅದಕ್ಕೆ ಪೇಟೆಂಟನ್ನು ಪಡೆದನು. ನಮ್ಮ ಮಲೆನಾಡಿನ ಮುದುಕರು ಇಂದಿಗೂ ಕೇಪಿನ ಕೋವಿಯೆಂದು ಯಾವುದನ್ನು ಕರೆಯುತ್ತಾರೋ ಅದರ ವಂಶವೃಕ್ಷದ ಮೂಲಪುರುಷನು ಈ ಪಾದ್ರಿಯೇ.

ಅದೇ ಕಾಲದಲ್ಲಿ ಲಂಡನ್ನಿನ ಜೋಸೆಫ್ ಮ್ಯಾಂಟನ್ ಎಂಬ ಕೋವಿಗಾರನು ಜೋಡುನಳಿಗೆಯ ಬೇಟೆಕೋವಿಗೆ ತನ್ನ ಕೈಚಳಕದಿಂದ ಲಾಲಿತ್ಯವನ್ನು ತಂದುಕೊಟ್ಟನು. ಎರಡು ನಳಿಗೆಗಳ ನಡುವೆ ಎತ್ತರಿಸಿದ ಪಟ್ಟಿಯೊಂದನ್ನು ಕೂರಿಸಿ, ಕೋವಿಯು ಗುರಿಯಿಟ್ಟ ಜಾಗಕ್ಕಿಂತ ಕೆಳಗೆ ಹೊಡೆಯುವ ದೋಷವನ್ನು ತಿದ್ದುವ ಉಪಾಯಕ್ಕೆ ಅವನು 1806ರಲ್ಲಿ ಪೇಟೆಂಟು ಪಡೆದನು. ಅವನ ಕಾರ್ಖಾನೆಯಲ್ಲಿ ದುಡಿದು ಪಳಗಿದ ಜೇಮ್ಸ್ ಪರ್ಡಿಯು 1814ರಲ್ಲಿ ಸ್ಥಾಪಿಸಿದ ಸಂಸ್ಥೆ ಇಂದಿಗೂ ಲಂಡನ್ನಿನಲ್ಲಿ ಹೆಸರುವಾಸಿಯಾಗಿದೆ. ಅಲ್ಲಿಂದ ಮುಂದೆ ಫ್ರಾನ್ಸಿನ ಕಾಸಿಮಿರ್ ಲೆಫೋಶೆ ಎಂಬಾತನು ನಳಿಗೆಯ ಹಿಂಬದಿಯಿಂದ ತೋಟಾ ತುಂಬುವ ಕೋವಿಯನ್ನು 1830ರ ದಶಕದಲ್ಲಿ ರೂಪಿಸಿದನು; 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಅದನ್ನು ಕಂಡ ಆಂಗ್ಲ ಕೋವಿಗಾರರು ಮೊದಲು ಸಂದೇಹಪಟ್ಟು, ಅನಂತರ ಅನುಸರಿಸಿದರು. ಮದ್ದನ್ನು ಸುರಿದು, ಗಜದಿಂದ ಜಡಿದು, ಚರೆಯನ್ನು ಅಳೆದು ಹಾಕುವ ದೀರ್ಘ ವಿಧಿಯು ಕಣ್ಮರೆಯಾಗಿ, ಮಡಿಸುವ ಕೋವಿಯೊಳಕ್ಕೆ ಎರಡು ತೋಟಾಗಳನ್ನು ನೂಕುವ ಸರಳಕ್ರಮ ಬಂದಿತು. 1875ರಲ್ಲಿ ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಸಂಸ್ಥೆಯ ಆನ್ಸನ್ ಮತ್ತು ಡೀಲಿ ಎಂಬಿಬ್ಬರು, ತೋಟಾವನ್ನು ಬಡಿದು ಸಿಡಿಸುವ, ಹೊರಗೆ ಕಾಣುತ್ತಿದ್ದ ಕುದುರೆಗಳೆಂಬ ಸುತ್ತಿಗೆಗಳನ್ನು ಪೆಟ್ಟಿಗೆಯೊಳಗೆ ಅಡಗಿಸಿ, ನಳಿಗೆಯನ್ನು ಮಡಿಸುವ ಕ್ರಿಯೆಯಿಂದಲೇ ಅವು ಸಜ್ಜಾಗುವಂತೆ ಮಾಡಿದ ಮೇಲೆ ಬೇಟೆಕೋವಿಯು ತನ್ನ ಪರಿಪೂರ್ಣ ರೂಪಕ್ಕೆ ಬಹುಮಟ್ಟಿಗೆ ಬಂದಂತಾಯಿತು.

ಆ ಕೋವಿಯು ದಿನವಿಡೀ ಹೊತ್ತು ನಡೆಯುವವನಿಗಾಗಿ ಹುಟ್ಟಿದುದು. ಆದುದರಿಂದ ಲಘುತ್ವವೇ ಅದರ ಮೊದಲ ಗುಣ. ಆದರೆ ಲಘುತ್ವಕ್ಕೂ ಮೇರೆಯಿದೆಯೆಂಬುದನ್ನು ಬರ್ಮಿಂಗ್‌ಹ್ಯಾಮಿನ ಕೋವಿಗಾರ ಡಬ್ಲ್ಯು. ಡಬ್ಲ್ಯು. ಗ್ರೀನರನು ಒಂದು ಸರಳ ಸೂತ್ರದಲ್ಲಿ ಹೇಳಿಟ್ಟಿದ್ದಾನೆ: ಹೊಡೆಯುವ ಚರೆಯ ತೂಕದ 96 ಪಟ್ಟು ಕೋವಿಯ ತೂಕವಿರಬೇಕು, ಅದಕ್ಕಿಂತ ಕಡಿಮೆಯಾದರೆ ಒದೆತವು ಭುಜವನ್ನು ನೋಯಿಸುವುದು. 30 ಗ್ರಾಂ ಚರೆಗೆ ಈ ಲೆಕ್ಕದಲ್ಲಿ ಸುಮಾರು 2.9 ಕಿಲೋಗ್ರಾಂ ತೂಕದ ಕೋವಿಯು ಸಾಕಾಗುತ್ತದೆ. ದಿನಕ್ಕೆ ಹತ್ತಿಪ್ಪತ್ತು ಈಡುಗಳನ್ನು ಹಾರಿಸುವ ಬೇಟೆಗಾರನಿಗೆ ಈ ಮಿತಿಯು ಯುಕ್ತವಾದುದೇ ಸರಿ. ಒಂದೇ ಅಪರಾಹ್ನದಲ್ಲಿ 100 ಈಡುಗಳನ್ನು ಹಾರಿಸುವ ಗುರಿಕಾರನಿಗೆ ಅದು ಯುಕ್ತವಲ್ಲ. ಎರಡು ವಿದ್ಯೆಗಳ ಅಗಲಿಕೆಯ ಮೊದಲ ಬೀಜ ಇಲ್ಲಿಯೇ ಇದೆ.

ಆ ಅಗಲಿಕೆಯು ಪ್ರಾರಂಭವಾದುದು ಪಾರಿವಾಳದ ಪಂದ್ಯಗಳಿಂದ. 18ನೆಯ ಶತಮಾನದ ಕೊನೆಯ ವೇಳೆಗೆ ಇಂಗ್ಲೆಂಡಿನಲ್ಲಿ, ಸೆರೆಹಿಡಿದ ಪಾರಿವಾಳಗಳನ್ನು ಪೆಟ್ಟಿಗೆಗಳಲ್ಲಿಟ್ಟು, ದೂರದಿಂದ ಹಗ್ಗವೆಳೆದು ಮುಚ್ಚಳವನ್ನು ತೆರೆದು, ಹಾರಿದೊಡನೆ ಹೊಡೆಯುವ ಜೂಜಿನ ಪಂದ್ಯಗಳು ನಡೆಯುತ್ತಿದ್ದುವು. ಲಂಡನ್ನಿನ ಪಶ್ಚಿಮದ ಈಲಿಂಗಿನಲ್ಲಿ ಹಳೆಯ ಟೋಪಿಗಳ ಕೆಳಗೆ ಹಕ್ಕಿಗಳನ್ನಿಟ್ಟು ಬಿಡುತ್ತಿದ್ದರೆಂದು ಪ್ರತೀತಿಯಿದ್ದು, ಅಲ್ಲಿನ ಪಾನಗೃಹಕ್ಕೆ ಹಳೆಯ ಟೋಪಿಗಳ ಹೆಸರೇ ಇತ್ತು. 1869ರಲ್ಲಿ ಫುಲ್‌ಹ್ಯಾಮಿನಲ್ಲಿ ಸ್ಥಾಪಿತವಾದ ಹರ್ಲಿಂಗ್‌ಹ್ಯಾಮ್ ಕ್ಲಬ್ಬು ಈ ಪಂದ್ಯಗಳಿಗಾಗಿಯೇ ಜನಿಸಿತು. 1905ರಲ್ಲಿ ಅದು ಆ ಪಂದ್ಯವನ್ನು ನಿಲ್ಲಿಸಿದರೂ ಅದರ ಲಾಂಛನದಲ್ಲಿ ಪಾರಿವಾಳ ಇಂದಿಗೂ ಉಳಿದಿದೆ. ಮಾಂಟೆ ಕಾರ್ಲೋದಲ್ಲಿ ಐಶ್ವರ್ಯವಂತರ ಜಾತ್ರೆಯೇ ನೆರೆಯುತ್ತಿತ್ತು. 1900ರ ಪ್ಯಾರಿಸ್ ಒಲಿಂಪಿಕ್ಸ್‌ನ ಸಂದರ್ಭದಲ್ಲಿಯೂ ಜೀವಂತ ಪಾರಿವಾಳಗಳ ಸ್ಪರ್ಧೆ ನಡೆದು, ಬೆಲ್ಜಿಯಮ್ಮಿನ ಲಿಯೋಂ ದ ಲುಂಡೆನ್ 21 ಹಕ್ಕಿಗಳನ್ನು ಕೊಂದು ಗೆದ್ದನು.

ಪಾರಿವಾಳದ ಪಂದ್ಯದಲ್ಲಿ ದೂರವು ನಿಶ್ಚಿತ, ಹಣವು ಅಪಾರ, ಹಕ್ಕಿಯು ಗೊತ್ತಾದ ಎಲ್ಲೆಯೊಳಗೇ ಬೀಳಬೇಕೆಂಬ ಕಟ್ಟಳೆ. ಆದಕಾರಣ ಪಂದ್ಯದ ಕೋವಿಯು ಬೇಟೆಕೋವಿಗಿಂತ ಭಾರವಾಯಿತು, ಅದರ ನಳಿಗೆಯು 30 ಅಂಗುಲಕ್ಕೆ ಬೆಳೆಯಿತು. ತುರ್ತಿನಲ್ಲಿ ಮರೆತು ಪಂದ್ಯವನ್ನು ಕಳೆದುಕೊಳ್ಳುವ ಭಯದಿಂದ ಸುರಕ್ಷತೆಯ ಗುಂಡಿಯನ್ನೂ ಹಲವರು ತೆಗೆಸಿಬಿಟ್ಟರು. ಇವೆಲ್ಲಕ್ಕಿಂತ ಮುಖ್ಯವಾದ ಬದಲಾವಣೆಯೆಂದರೆ ಚೋಕ್ ಎಂಬ ಬಾಯಿಬಿಗಿತದ್ದು. ನೀರು ಹಾಯಿಸುವ ಕೊಳವೆಯ ಬಾಯನ್ನು ಬೆರಳಿನಿಂದ ಒತ್ತಿದಾಗ ಧಾರೆಯು ಚದುರದೆ ದೂರಕ್ಕೆ ಹಾಯುವಂತೆ, ನಳಿಗೆಯ ತುದಿಯನ್ನು ಕೂದಲೆಳೆಯಷ್ಟು ಕಿರಿದುಗೊಳಿಸಿದರೆ ಚರೆಯ ಮೋಡವು ಬೇಗ ಹರಡದೆ ಒತ್ತಾಗಿ ಸಾಗುತ್ತದೆ. ನ್ಯೂಕಾಸಲ್ಲಿನ ಡಬ್ಲ್ಯು. ಆರ್. ಪೇಪ್ 1866ರಲ್ಲಿ ಇದಕ್ಕೆ ಪೇಟೆಂಟು ಪಡೆದನು. ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಬಾತುಕೋಳಿಗಳ ಬೇಟೆಗಾರನಾದ ಫ್ರೆಡ್ ಕಿಂಬಲ್ ಅದೇ ದಶಕದ ಕೊನೆಯಲ್ಲಿ ಸ್ವತಂತ್ರವಾಗಿ ಇದೇ ತತ್ತ್ವಕ್ಕೆ ಬಂದನು. ಗ್ರೀನರನು ಇದನ್ನು ಶಾಸ್ತ್ರವನ್ನಾಗಿ ಮಾಡಿ ಪ್ರಚುರಪಡಿಸಿದನು. ಲಂಡನ್ನಿನ ‘ಫೀಲ್ಡ್’ ಪತ್ರಿಕೆಯು 1875ರಲ್ಲಿ ಏರ್ಪಡಿಸಿದ ಪರೀಕ್ಷೆಗಳಲ್ಲಿ 40 ಗಜ ದೂರದಲ್ಲಿ 30 ಅಂಗುಲದ ವೃತ್ತದೊಳಗೆ ಬಿದ್ದ ಕಾಳುಗಳನ್ನು ಎಣಿಸಿ ನೋಡಿದಾಗ ಬಿಗಿಬಾಯಿಯ ಕೋವಿಗಳ ಮೇಲ್ಮೆಯು ಸಂಶಯಾತೀತವಾಗಿ ಸ್ಥಾಪಿತವಾಯಿತು.

ಅಂದಿನ ಆ ವೃತ್ತವೇ ಇಂದಿಗೂ ಪ್ರಮಾಣ. ಬಿಗಿತವಿಲ್ಲದ ನಳಿಗೆಯು ತನ್ನ ಕಾಳುಗಳಲ್ಲಿ ಸುಮಾರು ಶೇಕಡಾ 40ನ್ನು ಆ ವೃತ್ತದೊಳಗೆ ಹಾಕುತ್ತದೆ, ಅಲ್ಪ ಬಿಗಿತದ್ದು 50ನ್ನು, ಮಧ್ಯಮ ಬಿಗಿತದ್ದು 60ನ್ನು, ಪೂರ್ಣ ಬಿಗಿತದ್ದು 70ನ್ನು. ಈ ಲಾಭಕ್ಕೆ ತೆರಬೇಕಾದ ಬೆಲೆಯೂ ಉಂಟು. ದೂರಕ್ಕೆ ಒತ್ತಾಗಿ ಹೋಗುವ ಚರೆಯು ಹತ್ತಿರದಲ್ಲಿ ಬಹಳ ಕಿರಿದಾಗಿರುವುದರಿಂದ, 20 ಗಜದಲ್ಲಿ ಪೊದೆಯಿಂದೇಳುವ ಹಕ್ಕಿಯು ಒಂದೋ ತಪ್ಪಿಸಿಕೊಳ್ಳುತ್ತದೆ, ಇಲ್ಲವೆ ತಿನ್ನಲು ಬಾರದಂತೆ ಛಿದ್ರವಾಗುತ್ತದೆ. ಹೀಗೆ ಪಂದ್ಯದವನಿಗೆ ಅಮೃತವಾದುದು ಬೇಟೆಗಾರನಿಗೆ ವಿಷವಾಯಿತು. ಎರಡು ಕೋವಿಗಳು ಎರಡು ದಾರಿಗಳನ್ನು ಹಿಡಿದುವು.

ಈ ವೇಳೆಗೆ ಅಟ್ಲಾಂಟಿಕದ ಆಚೆಗೆ ಪಾರಿವಾಳದ ಪಂದ್ಯವು ಬೇರೊಂದು ವಿಕಾರರೂಪವನ್ನು ತಾಳಿತ್ತು. ಉತ್ತರ ಅಮೆರಿಕದ ಆಕಾಶವನ್ನು ಒಮ್ಮೊಮ್ಮೆ ಗಂಟೆಗಟ್ಟಲೆ ಮುಚ್ಚುವಷ್ಟು ವಿಪುಲವಾಗಿದ್ದ ಪ್ಯಾಸೆಂಜರ್ ಪಾರಿವಾಳಗಳನ್ನು ಬಲೆಯಲ್ಲಿ ಹಿಡಿದು, ರೈಲಿನಲ್ಲಿ ತುಂಬಿ, ಪಂದ್ಯದ ಮೈದಾನಗಳಿಗೆ ಸಾಗಿಸುತ್ತಿದ್ದರು. 1881ರಲ್ಲಿ ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ ನಡೆದ ಒಂದೇ ಕೂಟಕ್ಕಾಗಿ ಸುಮಾರು 20,000 ಹಕ್ಕಿಗಳನ್ನು ತರಿಸಿದ್ದರು. ಮಾಂಸದ ವ್ಯಾಪಾರಕ್ಕಾಗಿ ನಡೆದ ಸಂಹಾರವೂ ಅರಣ್ಯನಾಶವೂ ಆ ಕುಲದ ಅಳಿವಿಗೆ ಪ್ರಧಾನ ಕಾರಣಗಳಾಗಿದ್ದರೂ, ಪಂದ್ಯದ ಮೈದಾನವು ಆ ಪಾಪದಲ್ಲಿ ಪಾಲುಗಾರನೆಂಬುದರಲ್ಲಿ ಸಂದೇಹವಿಲ್ಲ. ಪ್ರಾಣಿಹಿಂಸೆಯನ್ನು ತಡೆಯಲು 1866ರಲ್ಲಿ ನ್ಯೂಯಾರ್ಕಿನಲ್ಲಿ ಸಂಘವನ್ನು ಕಟ್ಟಿದ ಹೆನ್ರಿ ಬರ್ಗ್ ಈ ಪಂದ್ಯಗಳ ವಿರುದ್ಧ ಎಡೆಬಿಡದೆ ಹೋರಾಡಿದನು. ಒಂದು ಕಡೆ ಧರ್ಮಬುದ್ಧಿಯ ಪ್ರತಿಭಟನೆ, ಇನ್ನೊಂದು ಕಡೆ ಹಕ್ಕಿಗಳ ಕ್ಷಾಮ. ಈ ಎರಡರ ನಡುವೆ ಸಿಲುಕಿದ ಕೋವಿಯವರು ನಿರ್ಜೀವವಾದ ಗುರಿಯೊಂದನ್ನು ಅರಸತೊಡಗಿದರು.

ಮೊದಲು ಬಂದುದು ಗಾಜಿನ ಚೆಂಡು. ಬಾಸ್ಟನ್ನಿನ ಚಾರ್ಲ್ಸ್ ಪೋರ್ಟ್‌ಲಾಕ್ 1866ರಲ್ಲಿ ಇದನ್ನು ಬಳಕೆಗೆ ತಂದನು. ಟೊಳ್ಳಾದ ಗಾಜಿನ ಗೋಳವನ್ನು ಕವಣೆಯಿಂದ ಮೇಲಕ್ಕೆಸೆದು ಹೊಡೆಯುವುದು ಅದರ ಕ್ರಮ. ನುಣುಪಾದ ಗಾಜಿನಿಂದ ಕಾಳುಗಳು ಜಾರಿಹೋಗುತ್ತಿದ್ದುದನ್ನು ಕಂಡ ಇಲಿನಾಯ್ ಪ್ರಾಂತದ ಕ್ಯಾಪ್ಟನ್ ಆಡಮ್ ಬೊಗಾರ್ಡಸ್, ಮೈಮೇಲೆ ಏಣುಗಳಿರುವ ಚೆಂಡನ್ನೂ ಅದನ್ನು ಉದ್ದನೆಯ ಕಮಾನಿನಲ್ಲಿ ಎಸೆಯುವ ಯಂತ್ರವನ್ನೂ 1877ರ ಸುಮಾರಿಗೆ ರೂಪಿಸಿದನು. ಒಡೆದಾಗ ಹಕ್ಕಿಯೇ ಬಿದ್ದಂತೆ ತೋರಲೆಂದು ಚೆಂಡಿನೊಳಗೆ ಗರಿಗಳನ್ನು ತುಂಬುತ್ತಿದ್ದುದೂ ಉಂಟು. ಆದರೆ ಚೆಂಡು ಚೆಂಡಿನಂತೆಯೇ ಹಾರುತ್ತಿತ್ತು, ಹಕ್ಕಿಯಂತೆ ಹಾರುತ್ತಿರಲಿಲ್ಲ. ಮೈದಾನವೆಲ್ಲ ಗಾಜಿನ ಚೂರುಗಳಿಂದ ತುಂಬಿ ಹೊಲಗದ್ದೆಗೂ ದನಕರುವಿಗೂ ಅಪಾಯವಾಗುತ್ತಿತ್ತು.

1880ರಲ್ಲಿ ಒಹಾಯೋ ಪ್ರಾಂತದ ಸಿನ್ಸಿನಾಟಿ ನಗರದ ಜಾರ್ಜ್ ಲಿಗೋವ್ಸ್ಕಿ ಎಂಬಾತನು, ಹುಡುಗರು ನೀರಿನ ಮೇಲೆ ಚಿಪ್ಪುಗಳನ್ನು ಅಡ್ಡಲಾಗಿ ಎಸೆದು ಕುಪ್ಪಳಿಸುವ ಆಟವನ್ನು ನೋಡಿ ಹೊಳೆದ ಉಪಾಯವೆಂದು ಪ್ರತೀತಿಯಿರುವಂತೆ, ಬೋಗುಣಿಯಾಕಾರದ ಮಣ್ಣಿನ ಬಿಲ್ಲೆಯನ್ನು ಮಾಡಿ ಸುತ್ತುತ್ತ ಹಾರಿಸುವ ಯಂತ್ರದೊಡನೆ ಬಳಕೆಗೆ ತಂದನು. ತನ್ನ ಸುತ್ತುವಿಕೆಯಿಂದಲೇ ಗಾಳಿಯಲ್ಲಿ ಸ್ಥಿರವಾಗಿ ನಿಂತು, ನೆಲಕ್ಕೆ ಸಮೀಪವಾಗಿ ಮೇಲೇರುತ್ತ ದೂರಕ್ಕೆ ಸಾಗಿ, ಕೊನೆಯಲ್ಲಿ ತೂಗುತ್ತ ಇಳಿಯುವ ಆ ಬಿಲ್ಲೆಯ ಗತಿಯಲ್ಲಿ ಎದ್ದು ಹಾರುವ ಹಕ್ಕಿಯ ಗತಿಯ ಸಾಮ್ಯವಿತ್ತು. ಸುಟ್ಟ ಮಣ್ಣಿನ ಮೊದಲ ಬಿಲ್ಲೆಗಳು ಚರೆಯ ಪೆಟ್ಟಿಗೆ ಒಡೆಯದಷ್ಟು ಗಟ್ಟಿಯಾಗಿದ್ದುದರಿಂದ, ಮುಂದೆ ಸುಣ್ಣಕಲ್ಲಿನ ಪುಡಿಯನ್ನು ಡಾಂಬರಿನಂಥ ರಾಳದಲ್ಲಿ ಕಲಸಿ ಅಚ್ಚೊತ್ತುವ ಪದ್ಧತಿ ಬಂದಿತು. ಮಣ್ಣಿನ ಪಾರಿವಾಳವೆಂಬ ಹೆಸರು ಮಾತ್ರ ಉಳಿಯಿತು. ಇಂದಿನ ಅಂತರರಾಷ್ಟ್ರೀಯ ಬಿಲ್ಲೆಯ ವ್ಯಾಸ 110 ಮಿಲಿಮೀಟರ್, ತೂಕ 105 ಗ್ರಾಂ.

ಚರಿತ್ರೆಯು ಇಲ್ಲಿ ನಮ್ಮ ಮುಂದಿಡುವ ಒಂದು ಸಂಗತಿಯನ್ನು ಓದುಗರು ಮನಸ್ಸಿಗೆ ತಂದುಕೊಳ್ಳಬೇಕೆಂದು ನಮ್ಮ ಆಶೆ. ಮಣ್ಣಿನ ಹಕ್ಕಿಯು ಹುಟ್ಟಿದ ಅದೇ ಸಿನ್ಸಿನಾಟಿ ನಗರದ ಮೃಗಾಲಯದಲ್ಲಿ, 1914ರ ಸೆಪ್ಟೆಂಬರ್ 1ರಂದು, ಮಾರ್ಥಾ ಎಂಬ ಹೆಸರಿನ ಕಟ್ಟಕಡೆಯ ಪ್ಯಾಸೆಂಜರ್ ಪಾರಿವಾಳವು ಸತ್ತುಹೋಯಿತು. ಜೀವದ ಹಕ್ಕಿಗೆ ಬದಲಾಗಿ ನಿರ್ಜೀವದ ಹಕ್ಕಿ ಸಿದ್ಧವಾಗಿ 34 ವರ್ಷಗಳಾಗಿದ್ದರೂ, ಆ ಕುಲದ ಪಾಲಿಗೆ ಪರಿಹಾರವು ತಡವಾಗಿ ಬಂದಿತು. ಮನುಷ್ಯನ ವಿವೇಕವು ಅವನ ಉಪಕರಣಗಳಷ್ಟು ತೀವ್ರವಾಗಿ ಬೆಳೆಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನವು ಬೇಟೆಯ ಚರಿತ್ರೆಯಲ್ಲಿ ವಿರಳ. ಪಂದ್ಯಪ್ರಿಯರೂ ಹೊಸ ಗುರಿಗೆ ನಿಧಾನವಾಗಿಯೇ ಒಲಿದರು: 1893ರಲ್ಲಿ ಪ್ರಾರಂಭವಾದ ಅಮೆರಿಕದ ಮಹಾಕೂಟವು ಜೀವಂತ ಹಕ್ಕಿಗಳಿಂದಲೇ ನಡೆಯಿತು, ಮಣ್ಣಿನ ಹಕ್ಕಿಗೆ ಅಲ್ಲಿ ಸ್ಥಾನ ದೊರೆತುದು 1900ರಲ್ಲಿ. ಇಂಗ್ಲೆಂಡಿನ ಪಾರ್ಲಿಮೆಂಟು ಸೆರೆಹಕ್ಕಿಗಳನ್ನು ಹಾರಿಬಿಟ್ಟು ಹೊಡೆಯುವುದನ್ನು ಶಾಸನದಿಂದ ನಿಷೇಧಿಸಿದುದು 1921ರಲ್ಲಿ.

ಹೀಗೆ ಗುರಿಯು ಮಣ್ಣಿನದಾದ ಮೇಲೆ ಗುರಿಯ ಕೋವಿಯು ಬೇಟೆಯಿಂದ ಇನ್ನೂ ದೂರ ಸರಿಯಿತು. ಟ್ರ್ಯಾಪ್ ಎಂಬ ಆಟದಲ್ಲಿ ಬಿಲ್ಲೆಯು ಯಾವಾಗಲೂ ಗುರಿಕಾರನ ಮುಂದಿನಿಂದ ಹೊರಟು ಮೇಲೇರುತ್ತ ದೂರವಾಗುತ್ತದೆ. ಬರುವ ಕಾಲ ಗೊತ್ತು, ದೂರ ಗೊತ್ತು, ಮೇಲೇರುವುದೂ ಗೊತ್ತು. ಕೋವಿಯನ್ನು ಮೊದಲೇ ಭುಜಕ್ಕೆ ಆನಿಸಿಕೊಂಡು ನಿಂತು ಆಜ್ಞೆ ಕೊಡಬಹುದು. ಆದುದರಿಂದ ಟ್ರ್ಯಾಪಿನ ಕೋವಿಗೆ ನಳಿಗೆ ನೀಳವಾಯಿತು, ಬಾಯಿ ಬಿಗಿಯಾಯಿತು, ತೂಕವು ನಾಲ್ಕು ಕಿಲೋಗ್ರಾಮಿನ ಸಮೀಪಕ್ಕೆ ಬೆಳೆಯಿತು, ಕೆನ್ನೆಯಿಡುವ ಮರದ ಹಿಡಿಯು ಎತ್ತರವಾಗಿ ಚರೆಯು ಸ್ವಲ್ಪ ಮೇಲಕ್ಕೇ ಬೀಳುವಂತಾಯಿತು. ಏರುವ ಬಿಲ್ಲೆಗೆ ಇದು ವರವೇ ಹೌದು; ಆದರೆ ಇಳಿಜಾರಿನಲ್ಲಿ ಕೆಳಮುಖವಾಗಿ ಓಡುವ ಹಕ್ಕಿಯನ್ನು ಅದೇ ಕೋವಿಯಿಂದ ಹೊಡೆಯಹೊರಟವನು ಅದರ ಬೆನ್ನ ಮೇಲಿನ ಗಾಳಿಯನ್ನೇ ಹೊಡೆದಾನು.

ಅಗಲಿದವರನ್ನು ಮತ್ತೆ ಕೂಡಿಸಿದವರು ಬೇಟೆಗಾರರೇ ಎಂಬುದು ಗಮನಾರ್ಹ. ಮೆಸಾಚುಸೆಟ್ಸ್ ಪ್ರಾಂತದ ಆಂಡೋವರಿನಲ್ಲಿ ನಾಯಿಗಳ ಸಾಕಣೆ ನಡೆಸುತ್ತಿದ್ದ ಚಾರ್ಲ್ಸ್ ಡೇವಿಸ್ ಎಂಬ ಗ್ರೌಸ್ ಹಕ್ಕಿಯ ಬೇಟೆಗಾರನು, ಋತುವಲ್ಲದ ತಿಂಗಳುಗಳಲ್ಲಿ ಕೈಯ ಚುರುಕನ್ನು ಕಾಪಾಡಿಕೊಳ್ಳಲು ಟ್ರ್ಯಾಪಿನ ಅಭ್ಯಾಸವು ಸಾಲದೆಂದು ಕಂಡು, ಸುಮಾರು 1915ರಿಂದ 1920ರವರೆಗಿನ ವರ್ಷಗಳಲ್ಲಿ ತನ್ನ ಬಯಲಿನಲ್ಲಿ 25 ಗಜ ತ್ರಿಜ್ಯದ ವೃತ್ತವೊಂದನ್ನು ಬರೆದು, ಗಡಿಯಾರದ ಅಂಕಿಗಳಂತೆ ಸುತ್ತಲೂ ನಿಂತು ಬಿಲ್ಲೆಗಳನ್ನು ಹೊಡೆಯುವ ಕ್ರಮವನ್ನು ರೂಪಿಸಿದನು. ಎದುರಾಗಿ ಬರುವುದು, ಅಡ್ಡಲಾಗಿ ಹಾಯುವುದು, ಓರೆಯಾಗಿ ತಪ್ಪಿಸಿಕೊಳ್ಳುವುದು ಹೀಗೆ ಹಕ್ಕಿಯ ಎಲ್ಲ ಭಂಗಿಗಳೂ ಅದರಲ್ಲಿ ಅಡಗಿದ್ದುವು. ಪಕ್ಕದ ಜಮೀನಿನಲ್ಲಿ ಕೋಳಿಸಾಕಣೆ ಪ್ರಾರಂಭವಾದಾಗ ಚರೆಯು ಆ ಕಡೆಗೆ ಬೀಳಬಾರದೆಂದು ವೃತ್ತವನ್ನು ಅರ್ಧಕ್ಕೆ ಇಳಿಸಿ, ಎದುರುಬದುರಾಗಿ ಎರಡು ಯಂತ್ರಗಳನ್ನಿಟ್ಟರು. ನೆರೆಯವನ ಕೋಳಿಗಳ ಕ್ಷೇಮಕ್ಕಾಗಿ ಮಾಡಿದ ಆ ಬದಲಾವಣೆಯೇ ಇಂದಿನ ಸ್ಕೀಟ್ ಆಟದ ಸ್ವರೂಪ. ಡೇವಿಸನ ಜೊತೆಗಾರನಾಗಿದ್ದ ವಿಲಿಯಂ ಹಾರ್ನ್ಡೆನ್ ಫೋಸ್ಟರ್ 1926ರಲ್ಲಿ ಪತ್ರಿಕೆಯ ಮೂಲಕ ಇದನ್ನು ದೇಶಕ್ಕೆಲ್ಲ ಪರಿಚಯಿಸಿದನು. ಮೂಲನಿಯಮದಲ್ಲಿ ಕೋವಿಯನ್ನು ಕೆಳಗೆ ಹಿಡಿದಿದ್ದು, ಬಿಲ್ಲೆಯು ಹಾರಿದ ಮೇಲೆಯೇ ಭುಜಕ್ಕೇರಿಸಬೇಕಾಗಿತ್ತು. ಪೊದೆಯ ಮುಂದೆ ನಿಂತ ಬೇಟೆಗಾರನ ಅವಸ್ಥೆಯೂ ಅದೇ ಅಲ್ಲವೆ? ಈ ಆಟಕ್ಕೆ ಬಾಯಿ ಬಿಡುವಾಗಿರುವ, ಚುರುಕಾಗಿ ತಿರುಗುವ ಬೇಟೆಕೋವಿಯೇ ತಕ್ಕುದಾಯಿತು. ಇಂಗ್ಲೆಂಡಿನಲ್ಲಿಯೂ ಬೇಟೆಯ ಶಾಲೆಗಳು ಇದೇ ಅಭಿಪ್ರಾಯದಿಂದ ಎತ್ತರದ ಗೋಪುರಗಳಿಂದ ಬಿಲ್ಲೆಗಳನ್ನು ಹಾರಿಸಿ ಶಿಷ್ಯರನ್ನು ತರಬೇತುಗೊಳಿಸುತ್ತಿದ್ದುವು. ಸ್ಪೋರ್ಟಿಂಗ್ ಎಂದು ಹೆಸರಾದ, ಕಾಡುಮೇಡುಗಳ ನಡುವೆ ಬಗೆಬಗೆಯ ಹಕ್ಕಿಗಳ ಹಾರಾಟವನ್ನು ಅನುಕರಿಸುವ ಆಟವು ಅಲ್ಲಿಂದಲೇ ಬೆಳೆಯಿತು.

ಎರಡನ್ನೂ ಸಾಧಿಸುವ ಕೋವಿಗೆ ಆಕಾರ ಕೊಟ್ಟ ಕೀರ್ತಿಯಲ್ಲಿ ಹಿರಿದಾದ ಪಾಲು ಅಮೆರಿಕದ ಕೋವಿಗಾರ ಜಾನ್ ಮೋಸಸ್ ಬ್ರೌನಿಂಗನಿಗೆ ಸಲ್ಲಬೇಕು. ನಳಿಗೆಗಳನ್ನು ಪಕ್ಕಪಕ್ಕದಲ್ಲಿರಿಸದೆ ಒಂದರ ಮೇಲೊಂದನ್ನಿರಿಸಿದರೆ ಕಣ್ಣಿಗೆ ಒಂದೇ ಕಿರಿದಾದ ರೇಖೆ ದೊರೆತು ಗುರಿಯು ಸ್ಪಷ್ಟವಾಗುತ್ತದೆಯೆಂಬುದು ಆಗಲೇ ತಿಳಿದಿತ್ತು. ಲಂಡನ್ನಿನ ಬಾಸ್ ಸಂಸ್ಥೆಯು 1909ರಲ್ಲಿ ಅಂಥ ಕೋವಿಯನ್ನು ತಯಾರಿಸಿತ್ತು. ಆದರೆ ಅದು ಶ್ರೀಮಂತರ ವಸ್ತು. ಸಾಮಾನ್ಯನ ಕೈಗೆಟಕುವಂಥದನ್ನು ಮಾಡಬೇಕೆಂಬ ಸಂಕಲ್ಪದಿಂದ ಬೆಲ್ಜಿಯಮ್ಮಿನ ಹೆರ್ಸ್ಟಾಲಿನಲ್ಲಿ ದುಡಿಯುತ್ತಿದ್ದ ಬ್ರೌನಿಂಗನು 1926ರ ನವೆಂಬರ್ 26ರಂದು ಕಾರ್ಖಾನೆಯಲ್ಲಿಯೇ ಹೃದಯಾಘಾತದಿಂದ ತೀರಿಕೊಂಡನು. ಅವನ ಮಗ ವ್ಯಾಲ್ ಉಳಿದ ಕೆಲಸವನ್ನು ಮುಗಿಸಿದನು, 1931ರಲ್ಲಿ ಆ ಕೋವಿಯು ಮಾರುಕಟ್ಟೆಗೆ ಬಂದಿತು. ಗದ್ದೆಯಲ್ಲಿಯೂ ಮೈದಾನದಲ್ಲಿಯೂ ಇಂದು ಹೆಚ್ಚಾಗಿ ಕಾಣುವ ಮೇಲುಕೆಳಗಿನ ಜೋಡುನಳಿಗೆಗಳೆಲ್ಲ ಬಹುಮಟ್ಟಿಗೆ ಆ ಕುಟುಂಬದವೇ. ಇನ್ನೊಂದು ಕಡೆಯಿಂದ ಅಮೆರಿಕದ ರೆಮಿಂಗ್ಟನ್ ಸಂಸ್ಥೆಯು 1950ರಲ್ಲಿ ತಂದ ಒಂಟಿನಳಿಗೆಯ 870 ಎಂಬ ಪಂಪು ಕೋವಿಯೂ, 1963ರ 1100 ಎಂಬ, ಹೊಗೆಯ ಒತ್ತಡದಿಂದಲೇ ತೋಟಾ ಬದಲಿಸಿಕೊಂಡು ಒದೆತವನ್ನು ಮೃದುಗೊಳಿಸುವ ಕೋವಿಯೂ ಬಡವರ ಬಹೂಪಯೋಗಿ ಆಯುಧಗಳಾದುವು. 20ನೆಯ ಶತಮಾನದ ಉತ್ತರಾರ್ಧದಲ್ಲಿ ತಿರುಪಿನಿಂದ ಬಿಗಿದು ಬಿಚ್ಚಬಹುದಾದ ಚೋಕುಗಳು ಸರ್ವಸಾಮಾನ್ಯವಾದಾಗ, ಪಾರಿವಾಳದ ಪಂದ್ಯವು ಹುಟ್ಟುಹಾಕಿದ್ದ ಭೇದವು ಒಂದು ಬೆರಳುದ್ದದ ಉಕ್ಕಿನ ಕೊಳವೆಯಲ್ಲಿ ಕರಗಿಹೋಯಿತು.

ನಮ್ಮ ದೇಶದಲ್ಲಿ ಈ ಕಥೆಯು ಅರಮನೆಗಳ ಮೂಲಕ ಪ್ರವೇಶಿಸಿತು. ಭರತಪುರದ ಕೇವಲಾದೇವ ಸರೋವರದಲ್ಲಿ 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್ಗೋ ಪ್ರಭುವಿನ ತಂಡವು ಒಂದೇ ದಿನದಲ್ಲಿ 4,273 ಹಕ್ಕಿಗಳನ್ನು ಕೊಂದಿತೆಂಬ ಲೆಕ್ಕವನ್ನು ಅಲ್ಲಿನ ಶಿಲಾಫಲಕ ಇಂದಿಗೂ ಸಾರುತ್ತಿದೆ. ಆ ಸರೋವರವೇ ಈಗ ಪಕ್ಷಿಗಳ ರಾಷ್ಟ್ರೀಯ ಉದ್ಯಾನ. ಬಿಕಾನೇರಿನ ಗಜನೇರದಲ್ಲಿ ಮಹಾರಾಜ ಗಂಗಾಸಿಂಹನು ಅತಿಥಿಗಳಿಗಾಗಿ ಏರ್ಪಡಿಸುತ್ತಿದ್ದ ಸ್ಯಾಂಡ್‌ಗ್ರೌಸ್ ಬೇಟೆಗಳು ಸಾಮ್ರಾಜ್ಯದಲ್ಲೆಲ್ಲ ಪ್ರಸಿದ್ಧವಾಗಿದ್ದುವು. ಅದೇ ವಂಶದ ಮೊಮ್ಮಗನಾದ ಕರಣಿಸಿಂಹರು ಆ ಕೈಚಳಕವನ್ನು ಮಣ್ಣಿನ ಹಕ್ಕಿಯ ಕಡೆಗೆ ತಿರುಗಿಸಿ, 1962ರಲ್ಲಿ ಕೈರೋದ ವಿಶ್ವಸ್ಪರ್ಧೆಯ ಟ್ರ್ಯಾಪಿನಲ್ಲಿ ಬೆಳ್ಳಿಯ ಪದಕವನ್ನು ಗಳಿಸಿದರು. 1960ರಿಂದ 1980ರವರೆಗೆ ಐದು ಒಲಿಂಪಿಕ್ಸ್‌ಗಳಲ್ಲಿ ದೇಶವನ್ನು ಪ್ರತಿನಿಧಿಸಿದರು. 1978ರ ಬ್ಯಾಂಕಾಕ್ ಏಷ್ಯನ್ ಕ್ರೀಡೆಗಳಲ್ಲಿ ರಣಧೀರಸಿಂಹರ ಸುವರ್ಣವೂ, 2004ರ ಅಥೆನ್ಸಿನಲ್ಲಿ ರಾಜ್ಯವರ್ಧನಸಿಂಹ ರಾಠೋಡರ ಬೆಳ್ಳಿಯೂ ಇದೇ ಮಾರ್ಗದ ಮುಂದಿನ ಮೈಲಿಗಲ್ಲುಗಳು. ನಡುವೆ 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಬೇಟೆಯ ಅಧ್ಯಾಯವನ್ನು ಬಹುಮಟ್ಟಿಗೆ ಮುಗಿಸಿತು.

ಕನ್ನಡನಾಡಿನಲ್ಲಿ ಒಂದೇ ಕೋವಿಯು ಬೇಟೆಗೂ ಗುರಿಗೂ ದುಡಿದ ಪರಂಪರೆಯನ್ನು ಕಾಣಬೇಕಾದರೆ ಕೊಡಗಿಗೆ ಹೋಗಬೇಕು. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆ, ನಿರಾಯುಧಗೊಳಿಸುವ ಶಾಸನವು ಕೊಡವರಿಗೆ ಅನ್ವಯಿಸದೆಂದು 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಪ್ರಕಟಿಸಿದನು. 1959ರ ಆಯುಧ ಶಾಸನದ ಅಡಿಯಲ್ಲಿಯೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಮುಂದುವರಿದಿದೆ. ನಾಟಿಯ ಕೆಲಸ ಮುಗಿದು ಸೆಪ್ಟೆಂಬರಿನ ಪ್ರಾರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು, ಕೃಷಿಯ ಕಾಲದಲ್ಲಿ ದೇವರ ಕೋಣೆಯಲ್ಲಿಟ್ಟಿದ್ದ ಕೋವಿ ಕತ್ತಿಗಳನ್ನು ತೆಗೆದು, ನಳಿಗೆಗೆ ತೋಕ್‌ಪೂವನ್ನು ಮುಡಿಸಿ ಪೂಜಿಸುತ್ತಾರೆ. ಹಿಂದೆ ಆ ಹಬ್ಬದ ಬೆನ್ನಿಗೇ ಬೇಟೆ ನಡೆಯುತ್ತಿತ್ತು. ಮಂದ್ ಎಂಬ ಊರ ಬಯಲಿನಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವೂ ನಡೆಯುತ್ತಿತ್ತು. ಗಂಡುಮಗು ಹುಟ್ಟಿದಾಗ ಒಂದು ಈಡು, ಸಾವಿನಲ್ಲಿ ಎರಡು ಈಡು, ಹುತ್ತರಿಯ ಕದಿರು ಕೊಯ್ಯುವಾಗ ಒಂದು ಈಡು. ಹೀಗೆ ಜೀವನದ ಘಟ್ಟಗಳನ್ನೆಲ್ಲ ಸಾರುತ್ತಿದ್ದುದೂ ಅದೇ ಕೋವಿ. ಬೇಟೆ ನಿಂತುಹೋಗಿದೆ, ತೆಂಗಿನಕಾಯಿಯ ಪಂದ್ಯ ಇಂದಿಗೂ ನಡೆದುಬರುತ್ತಿದೆ. ಸಿನ್ಸಿನಾಟಿಯ ಮಣ್ಣಿನ ಬಿಲ್ಲೆಯು ಕಲಿಸಿದ ಪಾಠವನ್ನು ಕೊಡಗಿನ ತೆಂಗಿನಕಾಯಿಯು ತನ್ನದೇ ರೀತಿಯಲ್ಲಿ ಕಲಿಸಿದೆ: ಕೌಶಲಕ್ಕೆ ಕೊಲೆಯು ಅನಿವಾರ್ಯ ಸಂಗಾತಿಯಲ್ಲ.

ಇನ್ನು ಆಯ್ಕೆಯ ಮಾತು. ಚರಿತ್ರೆಯು ಸೋಸಿ ಉಳಿಸಿದುದನ್ನು ಸಂಗ್ರಹಿಸಿ ಹೇಳುವುದಾದರೆ: ಬೋರು 12, ನಳಿಗೆಯ ಉದ್ದ 28ರಿಂದ 30 ಅಂಗುಲ, ತೂಕ ಬೇಟೆಯ ಮೂರು ಕಿಲೋಗ್ರಾಮಿಗಿಂತ ತುಸು ಹೆಚ್ಚು, ಟ್ರ್ಯಾಪಿನ ನಾಲ್ಕಕ್ಕಿಂತ ಸಾಕಷ್ಟು ಕಡಿಮೆ, ಅಂದರೆ ಮೂರೂಕಾಲರ ಆಸುಪಾಸು, ಚೋಕುಗಳು ಬದಲಿಸುವಂಥವು, ಹತ್ತಿರದ ಗುರಿಗೆ ಬಿಡುವಾದದ್ದು, ದೂರದ್ದಕ್ಕೆ ಮಧ್ಯಮದ್ದು, ಚರೆಯು ಇಟ್ಟ ಗುರಿಯ ಮೇಲೆಯೇ ಬೀಳುವಂತಿರಬೇಕು, ಟ್ರ್ಯಾಪಿನಲ್ಲಿರುವಂತೆ ಬಹಳ ಮೇಲಕ್ಕಲ್ಲ. ಒಲಿಂಪಿಕ್ಸ್‌ನಲ್ಲಿ ಇಂದು ಅನುಮತಿಸುವ ಚರೆಯು 24 ಗ್ರಾಂ ಮಾತ್ರ. ಗ್ರೀನರನ ಸೂತ್ರದಂತೆ ಅದಕ್ಕೆ 2.3 ಕಿಲೋಗ್ರಾಂ ಕೋವಿ ಸಾಕಾಗುವುದರಿಂದ, ಮೂರೂಕಾಲು ಕಿಲೋಗ್ರಾಮಿನ ಕೋವಿಯಲ್ಲಿ ದಿನಕ್ಕೆ 100 ಈಡುಗಳನ್ನು ಹಾರಿಸಿದರೂ ಭುಜವು ದೂರುವುದಿಲ್ಲ. ಆದರೆ ಇವೆಲ್ಲಕ್ಕಿಂತ ಮಿಗಿಲಾದುದು ಮರದ ಹಿಡಿಯು ಕೊಳ್ಳುವವನ ಮೈಗೆ ಹೊಂದುವುದು. ಕಣ್ಣುಮುಚ್ಚಿ ಕೋವಿಯನ್ನು ಭುಜಕ್ಕೇರಿಸಿ, ಕಣ್ಣು ತೆರೆದಾಗ ದೃಷ್ಟಿಯು ನಳಿಗೆಯ ಪಟ್ಟಿಯ ಮೇಲೆ ನೇರವಾಗಿ ಹರಿಯುವುದಾದರೆ ಆ ಕೋವಿ ತನ್ನದು. ಇಲ್ಲವಾದರೆ ಅದರ ಬೆಲೆ ಎಷ್ಟೇ ಆಗಿರಲಿ, ತಯಾರಕನ ಕೀರ್ತಿ ಎಷ್ಟೇ ದೊಡ್ಡದಾಗಿರಲಿ, ಅದು ಪರರದು.

ಎರಡಕ್ಕೂ ಒಂದೇ ಕೋವಿ ಇರಲಿ ಎಂದು ನಾವು ಒತ್ತಿಹೇಳುವುದಕ್ಕೆ ಮಿತವ್ಯಯವು ಗೌಣಕಾರಣ. ಬೇಟೆಯು ಶಾಸನಸಮ್ಮತವಾಗಿರುವ ನಾಡುಗಳಲ್ಲಿ ಅತ್ಯಂತ ದೊಡ್ಡ ಅಧರ್ಮವೆಂದರೆ ಗಾಯಗೊಂಡ ಹಕ್ಕಿಯು ಕೈಗೆ ಸಿಕ್ಕದೆ ಪೊದೆಯಲ್ಲಿ ನರಳಿ ಸಾಯುವುದು. ಅದಕ್ಕೆ ಕಾರಣ ಪಳಗದ ಕೈ. ಮೈದಾನದಲ್ಲಿ ಸಾವಿರ ಬಿಲ್ಲೆಗಳನ್ನು ಒಡೆದ ಕೋವಿಯನ್ನೇ ಹಿಡಿದು ಕಾಡಿಗೆ ಹೋದವನು ದೂರವನ್ನು ಅಳೆಯಬಲ್ಲ, ತನ್ನ ಮಿತಿಯನ್ನು ಬಲ್ಲ, ಹೊಡೆಯಬಾರದ ಈಡನ್ನು ಹೊಡೆಯದೆ ಬಿಡಬಲ್ಲ. ಡೇವಿಸನು ತನ್ನ ಬಯಲಿನಲ್ಲಿ ವೃತ್ತವನ್ನು ಬರೆದುದು ಈ ಪಳಗಿಕೆಗಾಗಿಯೇ. ನಮ್ಮಂಥ ನಾಡಿನಲ್ಲಿ ಹಕ್ಕಿಯನ್ನು ಹೊಡೆಯುವ ಪ್ರಸಂಗವೇ ಇಲ್ಲವಾಗಿರುವುದು ಕೋವಿಯ ವಿದ್ಯೆಗೆ ಬಂದ ಕುಂದೇನೂ ಅಲ್ಲ; ನಿಸರ್ಗದಿಂದ ಶತಮಾನಗಳ ಕಾಲ ಸಾಲವೆತ್ತಿದ ಆ ವಿದ್ಯೆಗೆ, ಇನ್ನು ಮುಂದೆ ಸಾಲವೆತ್ತದೆ ಬದುಕುವ ದಾರಿಯನ್ನು ಮಣ್ಣಿನ ಬಿಲ್ಲೆಯು ತೆರೆದುಕೊಟ್ಟಿದೆ. ಕೋವಿಯನ್ನು ಆರಿಸುವವನು ಆ ದಾರಿಯನ್ನು ಮೊದಲು ಆರಿಸಿಕೊಳ್ಳಲಿ. ಬೋರು, ನಳಿಗೆ, ಚೋಕುಗಳ ಆಯ್ಕೆಯು ಅದರ ಹಿಂದೆ ಸುಲಭವಾಗಿ ಬರುತ್ತದೆ.